ಗೀಟಿಲ್ಲದ ಹೆಸರು

ಪಂತನಗರದ ಹಳೇ ಬಿಲ್ಡಿಂಗುಗಳಲ್ಲಿ ಯಾರ ಮನೆಯ ಮುದುಕರಾದರೂ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ, ಯಾರಿಗಾದರೂ ಲಕ್ವಾ ಹೊಡೆದು ಆಸ್ಪತ್ರೆಯಿಂದ ಸ್ಟ್ರೆಚರಿನ ಮೇಲೆ ಮನೆಗೆ ಬಂದರೆ, ಎದುರು ಮನೆಯವರು ಹೇಳುತ್ತಿದ್ದುದು ಒಂದೇ ಮಾತು: "ಹಾಲವ್ವ ಮೌಶಿಗೆ ಫೋನ್ ಮಾಡಿ." ರೋಗಿಗಳನ್ನು ನೋಡಿಕೊಳ್ಳುವ ಆಯಾಗಳನ್ನು ಮುಂಬಯಿಯಲ್ಲಿ ಮೌಶಿ ಅಂತಲೇ ಕರೆಯುತ್ತಾರೆ. ಹಾಲವ್ವ ಅಂಥ ಮೂವತ್ತೊಂದು ಮೌಶಿಯರನ್ನು ಮನೆಮನೆಗೆ ಡ್ಯೂಟಿಗೆ ಕಳಿಸುವ ಬ್ಯೂರೋ ನಡೆಸುತ್ತಿದ್ದಳು. ಘಾಟ್ಕೋಪರ್ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಝೆರಾಕ್ಸ್ ಅಂಗಡಿಯೊಂದರ ಹಿಂದಿನ ಖೋಲಿ, ಎರಡು ಕುರ್ಚಿ, ಒಂದು ಬೆಂಚು, ಯಾರು ಯಾವ ಮನೆಯಲ್ಲಿದ್ದಾರೆಂದು ಸೀಮೆಸುಣ್ಣದಲ್ಲಿ ಬರೆದ ಕರೀ ಹಲಗೆ. ಅಷ್ಟೇ ಅವಳ ಆಫೀಸು.

ಹಾಲವ್ವ ಸುರಪುರದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಧರ್ಮಣ್ಣನ ಹಿಂದೆ ಮುಂಬಯಿಗೆ ಬಂದು, ಅವನು ಇಟ್ಟಿಗೆ ಕಟ್ಟುವಲ್ಲಿ ತಾನು ಉಸುಕು ಹೊತ್ತಳು. ಒಮ್ಮೆ ಒಂದು ನರ್ಸಿಂಗ್ ಹೋಮಿನಲ್ಲಿ ನೆಲಕ್ಕೆ ಫರಸಿಕಲ್ಲು ಕೂರಿಸುವ ಕೆಲಸ ನಡೆದಿತ್ತು. ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ವಾರ್ಡಿನ ಮುಂದೆ ಹೋಗುವಾಗ ಒಬ್ಬ ಮುದುಕಿ ಮಂಚದಿಂದ ಉರುಳುತ್ತಿರುವುದು ಕಾಣಿಸಿತು. ಹಾಲವ್ವ ಬುಟ್ಟಿಯನ್ನು ಅಲ್ಲೇ ಒಗೆದು ಓಡಿಹೋಗಿ ಹಿಡಿದುಕೊಂಡಳು. ಹೊಸ ಫರಸಿಯ ತುಂಬ ಸಿಮೆಂಟು. ಗುತ್ತೇದಾರ ಬಾಯಿಗೆ ಬಂದಂತೆ ಬೈದ. ಮೆಟ್ರನ್ ಮಾತ್ರ, "ನಾಳೆಯಿಂದ ಬುಟ್ಟಿ ಬಿಟ್ಟು ಬಾ" ಅಂದಳು.

ಅಲ್ಲಿಂದ ಇಪ್ಪತ್ತೆರಡು ವರ್ಷ ಹಾಲವ್ವ ಆಯಾ ಆಗಿ ದುಡಿದಳು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವುದು, ಸತ್ತವರ ಗದ್ದಕ್ಕೆ ಬಟ್ಟೆ ಕಟ್ಟುವುದು, ಎಲ್ಲ ಕಲಿತಳು. ಊರಲ್ಲಿ ಕಲಿತದ್ದು ಮೂರನೇ ಇಯತ್ತೆ. ಇಂಗ್ಲಿಷ್ ಅಕ್ಷರಗಳನ್ನು ಗುಳಿಗೆಯ ಪಟ್ಟಿಗಳ ಮೇಲೆ ನೋಡಿ ನೋಡಿ ತಾನೇ ಹಿಡಿದಳು. ಒಂದೊಂದಕ್ಕೇ ಬೆರಳಿಟ್ಟು ಕೂಡಿಸಬೇಕಿತ್ತು, ಆದರೆ ಓದುತ್ತಿದ್ದಳು.

ಬ್ಯೂರೋಕ್ಕೆ ಹೆಸರಿಟ್ಟವರು ಗುರುಪಾದ ಮಾಸ್ತರು. ಅವರು ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಲಕ್ವಾ ಹೊಡೆದು ಮಾತೇ ನಿಂತುಹೋಗಿದ್ದ ಅವರನ್ನು ಹಾಲವ್ವ ಹದಿನಾಲ್ಕು ತಿಂಗಳು ನೋಡಿಕೊಂಡು, ಮತ್ತೆ ಮಗ್ಗಿ ಒಪ್ಪಿಸುವಷ್ಟು ಮಾತು ಬರಿಸಿದ್ದಳು. ತಾನೇ ಬ್ಯೂರೋ ತೆಗೆಯುತ್ತೇನೆ ಅಂದಾಗ ಮಾಸ್ತರರು ಸೊಟ್ಟ ಬಾಯಲ್ಲೇ ನಕ್ಕು, "ಜೀವನ ಆಶಾ ಅಂತ ಇಡು ತಂಗೀ. ಜೀವನಾನೂ ಬರ್ಲಿ, ಆಶಾನೂ ಬರ್ಲಿ" ಅಂದಿದ್ದರು. ಪೇಂಟರು ಬೋರ್ಡಿನ ಮೇಲೆ ಮರಾಠಿಯಲ್ಲಿ ಎರಡು ಸಾಲು ಬರೆದ. ಮೇಲೆ ಜೀವನ, ಕೆಳಗೆ ಆಶಾ. ಏಳು ವರ್ಷ ಆ ಹೆಸರಿಗೆ ಯಾರೂ ಒಂದು ಮಾತು ಅಂದವರಿಲ್ಲ.

ವೆಬ್‌ಸೈಟಿನ ವಿಚಾರ ಬಂದದ್ದು ಹೊಸ ಟವರುಗಳ ಜನರಿಂದ. ಅವರು ಎದುರು ಮನೆಯವರನ್ನು ಕೇಳುವವರಲ್ಲ, ಮೊಬೈಲಿನಲ್ಲಿ ಹುಡುಕುವವರು. ಒಬ್ಬಾಕೆ ಫೋನಿನಲ್ಲಿ ಎಲ್ಲ ಮಾತಾಡಿ ಕೊನೆಗೆ, "ನಿಮ್ಮ ವೆಬ್‌ಸೈಟ್ ಯಾವುದು?" ಅಂತ ಕೇಳಿದಳು. ಇಲ್ಲ ಅಂದದ್ದೇ ತಡ, ಲೈನ್ ಕಟ್ಟಾಯಿತು. ಹಾಲವ್ವನಿಗೆ ಅದು ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು. ಮರುದಿನವೇ ಪ್ರೀತಮ್‌ನನ್ನು ಕರೆಸಿದಳು.

ಪ್ರೀತಮ್ ಸಾಂತಾಕ್ರೂಜಿನವನು. ಅವನ ಅಪ್ಪನದು ಅಲ್ಲಿ ಒಂದು ಉಡುಪಿ ಹೋಟೆಲು. ಅಜ್ಜಿಯನ್ನು ಕೊನೆಗಾಲದಲ್ಲಿ ನೋಡಿಕೊಂಡವರು ಹಾಲವ್ವನ ಮೌಶಿಯರೇ. ಅವನು ಊರವರ ಹೋಟೆಲುಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದ, ಓದಲು ಬರುತ್ತಿರಲಿಲ್ಲ.

"ಆಂಟಿ, ವೆಬ್‌ಸೈಟಿನ ಹೆಸರಿಗೆ ದೋ ಆಪ್ಷನ್ ಉಂಟು," ಅಂತ ಅವನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. "ಒಂದು, ಜೀವನ್ ಆಶಾ ಎರಡೂ ಜೋಡಿಸಿ ಬರೆಯೋದು. ಇನ್ನೊಂದು, ನಡುವೆ ಹೈಫನ್ ಹಾಕೋದು. ಮಧ್ಯದಲ್ಲಿ ಜಾಗ ಬಿಡ್ಲಿಕ್ಕೆ ಆಗೂದಿಲ್ಲ, ಅಲೌಡ್ ಇಲ್ಲ."

"ಹೈಫನ್ ಅಂದ್ರ ಏನಪ್ಪಾ?"

"ಈ ಚಿಕ್ಕ ಲೈನ್, ಆಂಟಿ."

"ಗೀಟು ಅನ್ನು." ಹಾಲವ್ವ ಬಗ್ಗಿ ನೋಡಿದಳು. "ಯಾವುದು ಚಲೋ?"

"ನನ್ನ ಕೇಳಿದ್ರೆ ಹೈಫನ್ ಬೇಡ. ಬಾಯಲ್ಲಿ ಹೇಳುವಾಗ ಲೋಗ್ ಭೂಲ್ ಜಾತೇ ಹೈಂ, ಮರೆತುಬಿಡ್ತಾರೆ. ಆಮೇಲೆ ಬೇರೆ ಯಾರದೋ ಸೈಟಿಗೆ ಹೋಗ್ತಾರೆ."

ಹಾಲವ್ವ ಯಾರ ಮಾತನ್ನೂ ಹಾಗೇ ನಂಬುವವಳಲ್ಲ. ಗುಳಿಗೆಯ ಹೆಸರನ್ನು ಕೂಡ ಎರಡು ಸಲ ನೋಡುವವಳು. ಬೆಂಚಿನ ಮೇಲೆ ಶಿವಕುಮಾರಿ ಕೂತಿದ್ದಳು. ಬ್ಯೂರೋದ ಮೊದಲ ದಿನದಿಂದ ಇದ್ದವಳು, ಹಾಲವ್ವನ ಬಲಗೈ ಇದ್ದಂತೆ. ಅವಳ ಕೈಗೆ ಪೆನ್ನು, ಕಾಗದ ಕೊಟ್ಟು ರಸ್ತೆಯಾಚೆ ಕಳಿಸಿದಳು. ಆಮೇಲೆ ಫೋನ್ ಹಚ್ಚಿ ಗಿರಾಕಿಗೆ ಹೇಳುವ ಹಾಗೆ ಹೇಳಿದಳು: "ಜೀವನ್, ಡ್ಯಾಶ್, ಆಶಾ. ಬರ್ಕೊಂಡಿ?"

ಶಿವಕುಮಾರಿ ಬರೆದು ತಂದ ಕಾಗದ ನೋಡಿ ಪ್ರೀತಮ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗೀಟು ಎಳೆಯುವ ಬದಲು ಅವಳು ಡ್ಯಾಶ್ ಅನ್ನೋ ಶಬ್ದವನ್ನೇ ಅಕ್ಷರದಲ್ಲಿ ಬರೆದಿದ್ದಳು: ಜೀವನ್‌ಡ್ಯಾಶ್‌ಆಶಾ.

"ನೀವು ಹೇಳಿದ್ದಾ ಬರ್ದೀನಕ್ಕಾ," ಅಂದಳು ಶಿವಕುಮಾರಿ, ಮುಖ ಚಿಕ್ಕದು ಮಾಡಿಕೊಂಡು.

"ಆತು," ಅಂದಳು ಹಾಲವ್ವ. "ಗೀಟು ಬ್ಯಾಡ. ಜೋಡ್ಸಿದ್ದಾ ಇರ್ಲಿ."

"ಎರಡೂ ತಗೊಂಡ್ರೆ ಸೇಫ್, ಆಂಟಿ."

"ಒಬ್ಬಾಕಿಗೆ ಎರಡು ಹೆಸರ್ಯಾಕೋ ಪ್ರೀತಮ್?"

ಹೀಗೆ ಆಯ್ಕೆ ಮಾಡಿದವಳು ಅವಳೇ. ಮುಂದೆ ಅದೇ ಅವಳನ್ನು ಕೊರೆದದ್ದು.

ವೆಬ್‌ಸೈಟು ಚೆನ್ನಾಗಿಯೇ ಆಯಿತು. ಮೌಶಿಯರಿಗೆ ತಿಳಿನೀಲಿಯ ಏಪ್ರನ್‌ಗಳು ಬಂದವು, ಡಾಕ್ಟರರು ತೊಡುವ ಕೋಟಿನಂಥವು. ಬೆನ್ನ ಮೇಲೆ ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ವೆಬ್‌ಸೈಟಿನ ಹೆಸರು. ಎಲ್ಲವೂ ಚಿಕ್ಕ ಅಕ್ಷರ, ಒಂದಕ್ಕೊಂದು ಅಂಟಿಕೊಂಡು. ಶಿವಕುಮಾರಿ ಅದನ್ನು ತೊಟ್ಟು ನಿಂತಾಗ ಹಾಲವ್ವನಿಗೆ ಎದೆಯುಬ್ಬಿ ಬಂತು. ಉಸುಕಿನ ಬುಟ್ಟಿ ಹೊತ್ತವಳ ಹೆಸರು ಈಗ ಬೆನ್ನ ಮೇಲೆ ಊರೆಲ್ಲ ತಿರುಗುತ್ತದೆ ಅನಿಸಿತು. ಅಕ್ಷರಗಳನ್ನು ಅವಳು ಬೆರಳಿಟ್ಟು ಓದಲಿಲ್ಲ. ತನ್ನದೇ ಬ್ಯೂರೋದ ಹೆಸರನ್ನು ಯಾರಾದರೂ ಕೂಡಿಸಿ ಓದುತ್ತಾರೆಯೇ?

ಮೂರು ವಾರ ಕಳೆದಿತ್ತು. ಒಂದು ಬುಧವಾರ ಮಧ್ಯಾಹ್ನ ಶಿವಕುಮಾರಿಯ ಫೋನ್ ಬಂತು. "ಅಕ್ಕಾ, ಕಾಂತಪ್ಪ ಅಜ್ಜ ಹ್ವಾದ್ರು. ಈಗಿನ್ನ. ಗಂಜಿ ಎರಡು ಚಮಚ ಕುಡುದು, ಸಾಕು ಅಂದು ಕಣ್ಮುಚ್ಚಿದ್ರು."

ಕಾಂತಪ್ಪ ಅಜ್ಜನಿಗೆ ಎಂಬತ್ತಾರು. ವಿಕ್ರೋಳಿಯ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಜೀವಮಾನವೆಲ್ಲ ಅಡುಗೆ ಮಾಡಿದವರು, ಕಾಪುವಿನ ಕಡೆಯವರು. ಎಂಟು ತಿಂಗಳ ಹಿಂದೆ ಬಿದ್ದು ಹಾಸಿಗೆ ಹಿಡಿದಿದ್ದರು. ಆ ಎಂಟು ತಿಂಗಳೂ ಶಿವಕುಮಾರಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಬೆನ್ನಿಗೆ ಒಂದು ಹುಣ್ಣೂ ಏಳದ ಹಾಗೆ ನೋಡಿಕೊಂಡಿದ್ದಳು. ಡಾಕ್ಟರು ಬೆರಗಾಗಿ, ಆಸ್ಪತ್ರೆಯಲ್ಲೂ ಇಷ್ಟು ಆಗುವುದಿಲ್ಲ ಅಂದಿದ್ದರು.

ತನ್ನ ಮೌಶಿಯರ ಕೈಯಲ್ಲಿ ಯಾರಾದರೂ ಹೋದರೆ ಹಾಲವ್ವ ಆ ಮನೆಗೆ ತಾನೇ ಹೋಗುತ್ತಿದ್ದಳು. ಮೈ ತೊಳೆಯಲು ಕೈ ಹಚ್ಚುತ್ತಿದ್ದಳು, ಅಳುವವರ ಹತ್ತಿರ ಸುಮ್ಮನೆ ಕೂರುತ್ತಿದ್ದಳು. ಅವತ್ತೂ ಹಾಗೇ ಹೋದಳು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಅಜ್ಜನ ಹೆಂಡತಿ ಸೇವಂತಿಯಮ್ಮ ಗೋಡೆಗೊರಗಿ ಕೂತಿದ್ದರು, ಕಣ್ಣಲ್ಲಿ ನೀರಿಲ್ಲ. ಶಿವಕುಮಾರಿ ಮಂಚದ ಮೇಲೆ ಬಗ್ಗಿ ಅಜ್ಜನ ಗದ್ದಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಕಾಲ್ದೆಸೆಯಲ್ಲಿ ಕುರ್ಚಿ ಹಾಕಿಕೊಂಡು ಮಗ ಶೇಖರ ಕೂತಿದ್ದ. ಐವತ್ತೈದರ ಆಸುಪಾಸಿನ ಮನುಷ್ಯ, ವಿಕ್ರೋಳಿಯ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದವನು. ಅವನು ಅಪ್ಪನ ಮುಖ ನೋಡುತ್ತಿರಲಿಲ್ಲ. ಕಣ್ಣು ಮಿಟುಕಿಸದೆ ಶಿವಕುಮಾರಿಯ ಬೆನ್ನು ನೋಡುತ್ತಿದ್ದ.

ಹಾಲವ್ವ ಕೈಮುಗಿದಳು. ಅವನು ಮುಗಿಯಲಿಲ್ಲ.

"ಹಾಲವ್ವನವರೇ, ಇವರ ಬೆನ್ನಿನ ಮೇಲೆ ಎಂತ ಬರೆದದ್ದು?"

"ನಮ್ಮ ಬ್ಯೂರೋದ ಹೆಸರ್ರೀ ಅಣ್ಣಾರ."

"ಹೆಸರು ಹೇಳ್ಬೇಡಿ. ಬರೆದದ್ದನ್ನು ಓದಿ."

ಸಿಟ್ಟಿನ ದನಿಯಲ್ಲ, ಬಾಯಿ ಒಣಗಿದವನ ದನಿ. ಶಿವಕುಮಾರಿ ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಹಾಲವ್ವ ಗುಳಿಗೆಯ ಪಟ್ಟಿ ಓದುವಂತೆ ಬೆರಳೆತ್ತಿ ಒಂದೊಂದೇ ಅಕ್ಷರ ಕೂಡಿಸಿದಳು. ಜೆ, ಇ, ಇ, ವಿ, ಎ. ಜೀವ. ಅಲ್ಲಿ ಉಸಿರಿಗೆ ನಿಂತಳು. ಎನ್, ಎ, ಎಸ್, ಎಚ್, ಎ.

ನಾಶ.

ಬೆರಳು ಗಾಳಿಯಲ್ಲೇ ನಿಂತಿತು. ಮತ್ತೊಮ್ಮೆ ಮೊದಲಿಂದ ಕೂಡಿಸಿದಳು, ಈ ಸಲ ಜೀವನ್ ಅಂತ ಓದಲು ನೋಡಿದಳು. ಆಗಲಿಲ್ಲ. ಒಮ್ಮೆ ಕಂಡದ್ದು ಕಣ್ಣಿನಿಂದ ಅಳಿಯಲಿಲ್ಲ. ಜೀವನಾಶ. ಸತ್ತ ಮನುಷ್ಯನ ಮೇಲೆ ಬಗ್ಗಿದ ತನ್ನ ಹೆಣ್ಣುಮಗಳ ಬೆನ್ನ ಮೇಲೆ, ಭುಜದಿಂದ ಭುಜಕ್ಕೆ, ಬೆಳ್ಳಗೆ. ಹಾಲವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎಷ್ಟೋ ಸಾವು ಕಂಡವಳು ಅವಳು. ಸಾವಿನ ಮನೆಯಲ್ಲಿ ಏನು ಹೇಳಬೇಕು, ಹೇಗೆ ಕೂರಬೇಕು ಎಲ್ಲ ಬಲ್ಲವಳು. ಅವತ್ತು ಆ ಬೆನ್ನನ್ನೇ ನೋಡುತ್ತ ನಿಂತಳು.

"ಎಂಟು ತಿಂಗಳು," ಅಂದ ಶೇಖರ, "ಇದನ್ನು ಹಾಕಿಕೊಂಡು ನಮ್ಮ ಅಪ್ಪನ ಮೈ ಮುಟ್ಟಿದ್ದಾ?"

"ಇಲ್ರೀ, ಮೂರು ವಾರ ಆತು ಅಷ್ಟಾ," ಅಂತ ಶಿವಕುಮಾರಿ ಏನೂ ತಿಳಿಯದೆ ಹೇಳಿದಳು. ಆ ಮಾತು ಇನ್ನೂ ಕೆಟ್ಟದಾಗಿ ಕೇಳಿಸಿತು.

"ಅದನ್ನು ತೆಗೀರಿ. ತೆಗೆದು ಇಲ್ಲಿಂದ ಹೋಗಿ. ಇಬ್ಬರೂ."

ಅವನ ಹೆಂಡತಿ ಹರಿಣಿ, "ರೀ, ಎಂತ ಮಾತಾಡ್ತೀರಿ?" ಅಂತ ತೋಳು ಹಿಡಿದಳು. ಅವನು ಕೊಡವಿಕೊಂಡ. ಗದ್ದಕ್ಕೆ ಕಟ್ಟಿದ ಬಟ್ಟೆಯ ಗಂಟು ಇನ್ನೂ ಅರ್ಧವಾಗಿತ್ತು. ಶಿವಕುಮಾರಿ ಅದನ್ನು ಪೂರ್ತಿ ಬಿಗಿದು, ಅಷ್ಟು ಜನರ ಮುಂದೆ ಏಪ್ರನ್ ಕಳಚಿ ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಕೇಳಿದಳು, "ಏನಾತಕ್ಕಾ? ಏನ್ ಬರ್ದಾದ ಅದರ ಮ್ಯಾಲ?"

ಹಾಲವ್ವ ಹೇಳಿದಳು. ಶಿವಕುಮಾರಿ ಮೆಟ್ಟಿಲ ಮೇಲೇ ಕುಸಿದು ಕೂತಳು.

ನೆರೆಮನೆಯ ಯಾರೋ ಅಷ್ಟರಲ್ಲಿ ಆ ಬೆನ್ನಿನ ಫೋಟೋ ತೆಗೆದಿದ್ದರು. ಸಂಜೆಯೊಳಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅದು ಬಂತು. ಕೆಳಗೆ ಹಿಂದಿಯಲ್ಲಿ ಒಂದು ಸಾಲು: ಮನೆಯೊಳಗೆ ಯಾರನ್ನು ಬಿಟ್ಟುಕೊಳ್ಳುತ್ತೀರಿ, ಹೆಸರು ಓದಿ ನೋಡಿ. ಅಲ್ಲಿಂದ ಪಕ್ಕದ ಸೊಸೈಟಿಗೆ, ಅಲ್ಲಿಂದ ಇನ್ನೊಂದಕ್ಕೆ. ಮರಾಠಿಯವರಿಗೆ, ಗುಜರಾತಿಯವರಿಗೆ, ಹಿಂದಿಯವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಶ ಎಲ್ಲರಿಗೂ ನಾಶವೇ. ಗುರುವಾರ ಬೆಳಿಗ್ಗೆ ಹಾಲವ್ವನ ಫೋನು ಬಡಿದುಕೊಳ್ಳಲು ಶುರುವಾಯಿತು. ಒಬ್ಬರು ಬೈದರು, ಒಬ್ಬರು ನಕ್ಕರು. ನಾಲ್ಕು ವರ್ಷದಿಂದ ಡ್ಯೂಟಿ ಕೊಟ್ಟಿದ್ದ ಒಬ್ಬ ಮುದುಕಿಯಂತೂ, "ಹಾಲವ್ವಾ, ನೀನು ಒಳ್ಳೆಯವಳೇ. ಆದರೆ ನನಗೆ ಭಯವಾಗುತ್ತದೆ" ಅಂದು ಅತ್ತುಬಿಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ನಟ್ಟಿತು. ಶನಿವಾರಕ್ಕೆ ಕರೀ ಹಲಗೆಯ ಮೇಲೆ ಉಳಿದ ಮನೆಗಳು ಹನ್ನೆರಡು. ಮಿಕ್ಕ ಹೆಸರುಗಳನ್ನು ಅವಳೇ ಒದ್ದೆ ಬಟ್ಟೆಯಿಂದ ಒರೆಸಿದಳು. ಖಾಲಿ ಕೂತ ಮೌಶಿಯರು ಬೆಂಚಿನ ಮೇಲೆ ಸಾಲಾಗಿ ಕೂತು ಅವಳ ಮುಖವನ್ನೇ ನೋಡಿದರು.

ಗುರುಪಾದ ಮಾಸ್ತರರ ಮನೆಗೆ ಅವಳಾಗಿ ಹೋದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳುವುದು ಲೇಸು ಅನಿಸಿತ್ತು. ಮಾಸ್ತರರು ಕನ್ನಡಕ ಹಾಕಿಕೊಂಡು ಏಪ್ರನ್ನನ್ನು ತೊಡೆಯ ಮೇಲೆ ಹರಡಿದರು. ಓದಿದರು. ಅವರ ಕೆಳತುಟಿ ಅದುರತೊಡಗಿತು.

"ಸವರ್ಣದೀರ್ಘ ಸಂಧಿ," ಅಂದರು ಮೆಲ್ಲಗೆ. "ಜೀವನ ಕೂಡಿಸು ಆಶಾ, ಜೀವನಾಶಾ. ಮೂವತ್ತು ವರ್ಷ ಹುಡುಗರಿಗೆ ಇದನ್ನಾ ಕಲಿಸ್ದೆ. ತಪ್ಪಿದವರ ಕಿವಿ ಹಿಂಡ್ದೆ. ನಾನಾ ಇಟ್ಟ ಹೆಸರಿನ್ಯಾಗ ನನಗಾ ಕಾಣಲಿಲ್ಲಲ್ಲ ತಂಗೀ!"

ತುಟಿಯ ಅದುರು ನೋಡಿ ಹಾಲವ್ವನಿಗೆ ತನ್ನ ಚಿಂತೆಯೆಲ್ಲ ಹಾರಿಹೋಯಿತು. ಇನ್ನೊಮ್ಮೆ ಲಕ್ವಾ ಹೊಡೆದೀತು ಅಂತ ಹೆದರಿ ಅವರ ಕೈಹಿಡಿದು ನಾಡಿ ನೋಡಿದಳು, ನಗ್ರಿ ಅಂತ ಹೇಳಿ ಬಾಯಿಯ ಎರಡೂ ತುದಿ ನೋಡಿದಳು. "ನಿಮ್ಮ ತಪ್ಪಿಲ್ರೀ ಮಾಸ್ತರ. ನೀವು ಎರಡು ಹೆಸರು ಕೊಟ್ರಿ. ಜೋಡ್ಸಿದಾಕಿ ನಾನು," ಅಂದಳು. ಮಾಸ್ತರರು ಅವತ್ತು ಊಟ ಮಾಡಲಿಲ್ಲ ಅಂತ ಅವರ ಮಗಳು ಆಮೇಲೆ ಫೋನ್ ಮಾಡಿ ತಿಳಿಸಿದಳು.

ಪ್ರೀತಮ್ ರವಿವಾರ ಬಂದ. ಎರಡು ದಿನದಿಂದ ನಿದ್ದೆಯಿಲ್ಲದ ಮುಖ. ಬರುತ್ತಲೇ, "ಸಾರಿ ಆಂಟಿ, ಸಾರಿ ಆಂಟಿ" ಅಂತ ಅಂದುಕೊಂಡೇ ಕೂತ. "ನಾನು ಯಾವಾಗ್ಲೂ ಜೀವನ್ ಆಶಾ ಅಂತಾನೇ ಓದಿದ್ದು. ಹಾಗೆ ದಿಖಾ ಹಿ ನಹೀಂ, ಕಾಣಲೇ ಇಲ್ಲ."

"ಈಗ ಗೀಟು ಹಾಕಪ್ಪ," ಅಂದಳು ಹಾಲವ್ವ. "ಜನ ಮರೀಲಿ, ಡ್ಯಾಶ್ ಅಂತ ಬರೀಲಿ, ಏನಾರ ಮಾಡ್ಲಿ. ನಡುವ ಗೀಟು ಹಾಕು."

ಅವನು ಲ್ಯಾಪ್‌ಟಾಪ್ ತೆರೆದ. ಏನೋ ಒತ್ತಿದ, ನೋಡಿದ, ಮತ್ತೆ ಒತ್ತಿದ. ಮುಖದ ಬಣ್ಣ ಇಳಿದುಹೋಯಿತು.

"ಆಂಟಿ, ಹೈಫನ್‌ವಾಲಾ ಗಯಾ. ಯಾರೋ ತಗೊಂಡಿದ್ದಾರೆ. ಬುಧವಾರ ಸಂಜೆ."

"ಯಾರು?"

"ಹೆಸರು ತೋರಿಸೂದಿಲ್ಲ. ಸೈಟ್ ಖಾಲಿ ಉಂಟು, ಏನೂ ಹಾಕ್ಲಿಲ್ಲ."

ಬುಧವಾರ ಸಂಜೆ ಅಂದರೆ ಕಾಂತಪ್ಪ ಅಜ್ಜ ಸತ್ತ ಸಂಜೆ. ಯಾರೋ ಕಾದು ಕೂತಿದ್ದರೇ? ಘಾಟ್ಕೋಪರದಲ್ಲಿ ಬೇರೆ ಬ್ಯೂರೋಗಳೂ ಇದ್ದವು. ಅವನ್ನು ನಡೆಸುವವರ ಒಬ್ಬೊಬ್ಬರ ಮುಖವನ್ನೂ ನೆನೆದು ನೋಡಿದಳು. ಯಾರ ಮೇಲೂ ಬೆರಳಿಡಲಾಗಲಿಲ್ಲ, ಯಾರನ್ನೂ ಬಿಡಲೂ ಆಗಲಿಲ್ಲ.

"ಹಂಗಾದ್ರ ಈ ಜೋಡ್ಸಿದ್ದು ಬಿಟ್ಬಿಡೂಣು. ನಂಗ ಇದರ ಮಾರಿ ನೋಡಾಕ ಆಗವಲ್ದು."

"ಬಿಡ್ಬೇಡಿ, ಆಂಟಿ." ಪ್ರೀತಮ್ ಹೆದರಿದವನಂತೆ ಕೈಯಾಡಿಸಿದ. "ಬಿಟ್ರೆ ಅದನ್ನೂ ಬೇರೆಯವರು ತಗೊಳ್ತಾರೆ. ನಿಮ್ಮನ್ನ ಹುಡುಕಿ ಬಂದವರು ಅವರ ಹತ್ರ ಹೋಗ್ತಾರೆ. ಅವರು ಏನು ಬೇಕಾದ್ರೂ ಬರೆಯಬಹುದು."

ಅಂದರೆ ಈ ಕೆಟ್ಟ ಹೆಸರನ್ನು ತಾನೇ ಹಿಡಿದುಕೊಂಡು ಕೂರಬೇಕು, ವರ್ಷವರ್ಷವೂ ದುಡ್ಡು ಕಟ್ಟಿ. ಹಾಲವ್ವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

ಗೀಟಿನ ಹೆಸರು ಯಾರು ತಗೊಂಡರೆಂದು ಹಾಲವ್ವ ಗುರುತಿನವರನ್ನೆಲ್ಲ ವಿಚಾರಿಸಿದಳು. ಮುಂದಿನ ವಾರ ಒಂದು ಫೋನ್ ಬಂತು. "ನಾನು ಶೇಖರ. ಕಾಂತಪ್ಪನವರ ಮಗ." ಹಾಲವ್ವ ಕೈಯಲ್ಲಿದ್ದ ಚಾ ಕೆಳಗಿಟ್ಟಳು. "ನಾಡಿದ್ದು ಅಪ್ಪನ ಉತ್ತರಕ್ರಿಯೆ. ನೀವು ಬರಬೇಕು. ಆ ಹೆಂಗಸನ್ನೂ ಕರ್ಕೊಂಡು ಬನ್ನಿ."

ಶಿವಕುಮಾರಿ ಬರುವುದಿಲ್ಲ ಅಂದಳು. ಹಾಲವ್ವ ಒಬ್ಬಳೇ ಹೋದಳು. ಅವರ ಊರವರ ಸಂಘದ ಹಾಲ್‌ನಲ್ಲಿ ಊಟದ ಪಂಕ್ತಿ ನಡೆದಿತ್ತು. ಹೂವಿನ ಹಾರ ಹಾಕಿದ ಅಜ್ಜನ ಫೋಟೋಕ್ಕೆ ಕೈಮುಗಿದು ತಿರುಗುವಷ್ಟರಲ್ಲಿ ಶೇಖರ ಬಂದು, ಜನರಿಲ್ಲದ ಕಡೆ, ಪಾತ್ರೆಗಳನ್ನಿಟ್ಟ ಕೋಣೆಗೆ ಕರೆದುಕೊಂಡು ಹೋದ. ತಲೆ ಬೋಳಿಸಿದ್ದ. ಮುಖ ಹತ್ತು ವರ್ಷ ಮುದಿಯಾಗಿತ್ತು.

"ಆ ಗೀಟಿನ ಹೆಸರು ಯಾರು ತಗೊಂಡದ್ದು ಅಂತ ಹುಡುಕ್ತಾ ಇದ್ದೀರಿ ಅಂತ ಕೇಳಿದೆ."

"ಹೌದ್ರೀ."

"ನಾನು."

ಹಾಲವ್ವ ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅಂತ ಅವನನ್ನೇ ನೋಡಿದಳು.

"ಅಪ್ಪನನ್ನು ಸುಟ್ಟು ಬಂದು ಸ್ನಾನ ಮಾಡಿ ಕೂತು, ನಾನು ಮಾಡಿದ ಮೊದಲ ಕೆಲಸ ಅದು. ಅದರಲ್ಲಿ ನಿಮ್ಮ ಬಗ್ಗೆ ಬರೀಬೇಕು, ನಿಮ್ಮನ್ನು ಹುಡುಕಿ ಬಂದವರೆಲ್ಲ ಅದನ್ನೇ ಓದ್ಬೇಕು ಅಂತ." ಅವನು ಒಂದು ಅಲ್ಯುಮಿನಿಯಂ ಹಂಡೆಯ ಅಂಚನ್ನು ಹಿಡಿದುಕೊಂಡ. "ಹನ್ನೊಂದು ದಿವಸ ಕೂತೆ, ಹಾಲವ್ವನವರೇ. ಒಂದು ಸಾಲು ಬರಲಿಲ್ಲ. ಬರೀಲಿಕ್ಕೆ ಎಂತ ಉಂಟು ಅಂತ ಹರಿಣಿಯನ್ನು ಕೇಳಿದೆ. ಅಪ್ಪ ಯಾವ ಮಗ್ಗುಲಿಗೆ ಮಲಗಿದ್ರೆ ನೋವು ಕಡಿಮೆ ಅಂತ ನಿಮಗೆ ಗೊತ್ತುಂಟಾ ಅಂತ ಅವಳು ನನ್ನನ್ನೇ ತಿರುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ."

ಹಾಲವ್ವನ ಬಾಯಿಂದ ತಾನಾಗಿಯೇ ಮಾತು ಬಂತು. "ಎಡಮಗ್ಗುಲು ರೀ. ಮೊಣಕಾಲ ನಡುವ ತೆಳ್ಳನ ದಿಂಬು."

ಶೇಖರ ತಲೆ ತಗ್ಗಿಸಿದ. ಅವನ ಭುಜ ಅಲುಗುತ್ತಿತ್ತು. ಹತ್ತೊಂಬತ್ತು ಮನೆ ಹೋಗಿದ್ದವು, ಮಾಸ್ತರರು ಉಪವಾಸ ಬಿದ್ದಿದ್ದರು, ಊರವರನ್ನೆಲ್ಲ ಅನುಮಾನಿಸಿ ಹಾಲವ್ವ ನಿದ್ದೆಗೆಟ್ಟಿದ್ದಳು. ಅದನ್ನೆಲ್ಲ ಶುರುಮಾಡಿದವನು ಈಗ ಎದುರಿಗೆ ನಿಂತು ಅಳುತ್ತಿದ್ದ. ಬೈಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಕೈ ಏಳಲಿಲ್ಲ.

"ಆ ಹೆಸರು ನಿಮಗೇ ಕೊಡ್ತೇನೆ. ನಿಮ್ಮ ಹುಡುಗನಿಗೆ ಫೋನ್ ಮಾಡ್ಲಿಕ್ಕೆ ಹೇಳಿ," ಅಂದ ಅವನು ಮುಖ ಒರೆಸಿಕೊಂಡು. "ಇನ್ನೊಂದು ಮಾತು. ಕೇಳ್ಲಿಕ್ಕೆ ನನಗೆ ಮುಖ ಇಲ್ಲ. ಅಮ್ಮ ಅವತ್ತಿನಿಂದ ಎದ್ದು ಕೂತಿಲ್ಲ. ಯಾರು ಕೊಟ್ಟರೂ ತಿನ್ನೂದಿಲ್ಲ. ಆ ಶಿವಕುಮಾರಿ ಎಲ್ಲಿ ಅಂತ ಕೇಳ್ತಾರೆ. ಅವರನ್ನು ಕಳಿಸ್ತೀರಾ?"

"ಕೇಳಿ ನೋಡ್ತೀನ್ರಿ," ಅಂದಳು ಹಾಲವ್ವ. ಪಂಕ್ತಿಯಲ್ಲಿ ಕೂತು ಬಡಿಸಿದ್ದನ್ನು ತಿಂದಳು. ಏನು ತಿಂದಳೆಂದು ಆಮೇಲೆ ನೆನಪಾಗಲಿಲ್ಲ.

ಹೆಸರು ಕೈಗೆ ಬಂತು. ಪ್ರೀತಮ್ ಎರಡನ್ನೂ ಸೇರಿಸಿದ: ಯಾರಾದರೂ ಜೋಡಿಸಿ ಬರೆದರೂ ಗೀಟಿನ ಹೆಸರಿಗೇ ಹೋಗಿ ಮುಟ್ಟುವ ಹಾಗೆ. ಬೋರ್ಡಿನ ಮೇಲೆ, ಕಾರ್ಡಿನ ಮೇಲೆ ಗೀಟು ಕೆಂಪಗೆ, ದಪ್ಪಗೆ ಬಂತು. ಈಗಲೂ ಫೋನಿನಲ್ಲಿ ಹೇಳುವಾಗ ಹತ್ತರಲ್ಲಿ ನಾಲ್ಕು ಜನ ತಪ್ಪುತ್ತಾರೆ. ಹೋದ ಮನೆಗಳಲ್ಲಿ ಏಳೆಂಟು ಮರಳಿ ಬಂದವು, ಉಳಿದವು ಬರಲಿಲ್ಲ. ಆ ಫೋಟೋ ಇವತ್ತಿಗೂ ಒಂದೊಂದು ಸಲ ಯಾವುದೋ ಗುಂಪಿನಲ್ಲಿ ತೇಲಿ ಬರುತ್ತದೆ, ಯಾರೋ ಹೊಸಬರು ಬೆಚ್ಚಿ ಹಾಲವ್ವನಿಗೆ ಫೋನ್ ಮಾಡುತ್ತಾರೆ. ಅವಳು ಪ್ರತಿ ಸಲವೂ ಮೊದಲಿಂದ ಹೇಳುತ್ತಾಳೆ.

ಉತ್ತರಕ್ರಿಯೆಯ ಸಂಜೆಯೇ ಶಿವಕುಮಾರಿಯನ್ನು ಕೇಳಿದಾಗ ಅವಳು ತಡಮಾಡದೆ ಇಲ್ಲವೆಂದು ತಲೆಯಾಡಿಸಿದ್ದಳು. "ನಾ ಒಲ್ಲೆ ಅಕ್ಕಾ. ಅಮ್ಮನ ಮ್ಯಾಲ ನಂಗ ಸಿಟ್ಟಿಲ್ಲ. ಆದ್ರ ಅಜ್ಜನ ಹೆಣದ ಮುಂದ ನನ್ನ ಮೈಮ್ಯಾಲಿನ ಅರಿವಿ ತಗಸಿದ್ರು. ಆ ಹೊಸ್ತಿಲ ನಾ ದಾಟಂಗಿಲ್ಲ."

ಹಾಲವ್ವ ಅವಳನ್ನು ಒತ್ತಾಯಿಸಲಿಲ್ಲ. ಬೇರೆ ಯಾರನ್ನು ಕಳಿಸಲೂ ಮನಸ್ಸಾಗಲಿಲ್ಲ. ಮರುದಿನ ಬ್ಯೂರೋದ ಕೀಲಿಯನ್ನು ಶಿವಕುಮಾರಿಯ ಕೈಗೆ ಕೊಟ್ಟು, ಏಳು ವರ್ಷಗಳ ಮೇಲೆ ತಾನೇ ಡ್ಯೂಟಿಗೆ ಹೊರಟಳು. ಮನೆಯ ಸಾದಾ ಸೀರೆ, ಬೆನ್ನ ಮೇಲೆ ಒಂದಕ್ಷರವಿಲ್ಲ.

ಸೇವಂತಿಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹರಿಣಿ ಗಂಜಿಯ ಬಟ್ಟಲು ಕೊಟ್ಟು ಬಾಗಿಲಲ್ಲೇ ನಿಂತಳು. ಹಾಲವ್ವ ಮಂಚದ ಅಂಚಿನಲ್ಲಿ ಕೂತು, ಮುದುಕಿಯ ಹೆಗಲ ಕೆಳಗೆ ಕೈ ತೂರಿಸಿ ಮೆಲ್ಲಗೆ ಎತ್ತಿ ತನ್ನ ಎದೆಗೊರಗಿಸಿಕೊಂಡಳು. ಮೈಯಲ್ಲಿ ಹಿಡಿಯಷ್ಟೂ ತೂಕವಿರಲಿಲ್ಲ.

"ನೀನು ಅವಳಲ್ಲ," ಅಂದರು ಸೇವಂತಿಯಮ್ಮ.

"ಅಲ್ರೀ ಅಮ್ಮಾ. ಆಕಿ ಬರಂಗಿಲ್ಲ."

"ಬರಬಾರದು," ಅಂದರು ಮುದುಕಿ. "ನಾನಾದ್ರೂ ಬರ್ತಿರಲಿಲ್ಲ."

ಹಾಲವ್ವ ಚಮಚ ಬಾಯಿಗೆ ಹಿಡಿದಳು. ಸೇವಂತಿಯಮ್ಮ ಅದನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು.